ಥೈರಾಯ್ಡ್ ಗಂಟು ಸಾದಾನೋ ಕೆಟ್ಟದ್ದೋ: ಮಾರ್ಕರ್ ಹಾಕುವ ಮುಂಚೆ, ಹಾಕಿದ ಮೇಲೆ

"ಸಾದಾ ಗಂಟೋ, ಕೆಟ್ಟ ಗಂಟೋ, ಅಷ್ಟ ಹೇಳ್ರಿ ಮೇಡಂ."

ವಿಜಯಪುರದ ನಮ್ಮ ಲ್ಯಾಬಿನ ಕಿಟಕಿಗೆ ಬಂದು ನಿಲ್ಲುವವರು ಕೇಳುವುದು ಇಷ್ಟೇ. ಸಿಂದಗಿ, ಇಂಡಿ, ತಾಳಿಕೋಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿರುತ್ತಾರೆ. ಹೆಂಡತಿಯದೋ ತಾಯಿಯದೋ ಕುತ್ತಿಗೆ ಆಪರೇಷನ್ ಆಗಿ ವಾರವಾಗಿರುತ್ತದೆ. ಅವರಿಗೆ ಪ್ರೋಟೀನ್ ಹೆಸರು ಬೇಡ, ಬಣ್ಣ ಹಾಕುವ ಸ್ಟೇನ್ ಹೆಸರೂ ಬೇಡ. ಆ ಒಂದು ಮಾತು ಸರಿ ಇರಬೇಕು, ಅಷ್ಟೇ.

ನಾನು 20 ವರ್ಷದಿಂದ ಇದೇ ಊರಲ್ಲಿ ಸ್ಲೈಡ್ ನೋಡುವ ಪ್ಯಾಥಾಲಜಿಸ್ಟ್, ಅಂದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಡಾಕ್ಟರು. ನಮ್ಮ ಕಡೆ ಪಿಜಿ ಓದುತ್ತಿರುವ ಮಕ್ಕಳು, ಸಣ್ಣ ಊರಲ್ಲಿ ಒಬ್ಬರೇ ಲ್ಯಾಬ್ ನಡೆಸುವವರು, ಟೆಕ್ನಿಷಿಯನ್‌ಗಳು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ: ಥೈರಾಯ್ಡ್‌ಗೆ ಯಾವ ಮಾರ್ಕರ್ ಹಾಕಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗುತ್ತದೆ? ಹಾಗೆ ಒಂದೇ ಏಟಿಗೆ ಹೇಳುವ ಮಾರ್ಕರ್ ಇಲ್ಲ. ಮಾರ್ಕರ್ ಅಂದರೆ ಜೀವಕೋಶದ ಒಂದು ಗೊತ್ತಾದ ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ. ಅದು ಹಿಡಿದ ಕಡೆ ಕಂದು ಬಣ್ಣ ಬರುತ್ತದೆ. ನಾವು ಸರಿಯಾದ ಪ್ರಶ್ನೆ ಕೇಳಿದ್ದರೆ ಆ ಕಂದು ಬಣ್ಣ ತುಂಬಾ ಸಹಾಯ ಮಾಡುತ್ತದೆ. ಪ್ರಶ್ನೆಯೇ ಇಲ್ಲದೆ ಹಾಕಿದರೆ ದಾರಿ ತಪ್ಪಿಸುತ್ತದೆ. ನನಗೆ ಎರಡೂ ಅನುಭವ ಆಗಿವೆ.

ಬಾಟಲಿಯಿಂದ ಶುರು

ಮಾರ್ಕರ್ ಕೆಲಸ ಶುರುವಾಗುವುದು ಆಪರೇಷನ್ ಥಿಯೇಟರಿನ ಬಾಟಲಿಯಲ್ಲಿ. ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಆಂಟಿಬಾಡಿಯೂ ಸರಿ ಮಾಡುವುದಿಲ್ಲ.

ಒಂದು ವರ್ಷ ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಯ ರಜೆಯಲ್ಲಿ, ಹೊರಗಿನ ಊರಿನ ಒಂದು ನರ್ಸಿಂಗ್ ಹೋಮಿನಿಂದ ಥೈರಾಯ್ಡ್‌ನ ಒಂದು ಇಡೀ ಲೋಬ್, ಅಂದರೆ ಒಂದು ಬದಿಯ ಭಾಗ, ಬಂತು. ಕತ್ತು ಸಣ್ಣದಾದ ಬಾಟಲಿ. ಲೋಬನ್ನು ಒತ್ತಿ ತುರುಕಿದ್ದರು. ಅಂಗಾಂಶ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಅರ್ಧ ಬಾಟಲಿಗೂ ಇರಲಿಲ್ಲ. ರಜೆ ಮುಗಿದು ನಾನು ಅದನ್ನು ಕೊಯ್ದಾಗ ಹೊರಗಿನ ಅರ್ಧ ಸೆಂಟಿಮೀಟರ್ ಗಟ್ಟಿಯಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ನಡುವಿನ ಭಾಗ ಇನ್ನೂ ಕೆಂಪಗೆ, ಮೆತ್ತಗೆ, ಬೆರಳಿಗೆ ಅಂಟುವ ಹಾಗಿತ್ತು. ಸ್ಟೇನ್ ಮಾಡಿದಾಗ ಅಂಚಿನ ಕೋಶಗಳಲ್ಲಿ ಎಚ್‌ಬಿಎಂಇ-1 ಅನ್ನುವ ಮಾರ್ಕರ್ ಚೆನ್ನಾಗಿ ಬಂತು. ಒಳಗೆ ಹೋದ ಹಾಗೆ ಮಸುಕಾಗಿ, ನಡುವೆ ಏನೂ ಇಲ್ಲ. ಅದೇ ಗಂಟು, ಅದೇ ಸ್ಲೈಡ್. ನಡುವಿನ ಭಾಗ ನಿಜಕ್ಕೂ ನೆಗೆಟಿವ್ ಇತ್ತೋ, ಕೊಳೆತು ನೆಗೆಟಿವ್ ಆಯ್ತೋ, ನಾನು ಹೇಳಲಾಗಲಿಲ್ಲ. ಆ ಮನೆಯವರಿಗೆ ನಾನು ಕೊಟ್ಟ ರಿಪೋರ್ಟಿನಲ್ಲಿ "ಖಚಿತವಾಗಿ ಹೇಳಲು ಆಗುವುದಿಲ್ಲ" ಅನ್ನುವ ಸಾಲು ಇತ್ತು. ಆ ಸಾಲು ಇವತ್ತಿಗೂ ನನಗೆ ಚುಚ್ಚುತ್ತದೆ.

ಆದ್ದರಿಂದ ಸರ್ಜನ್‌ಗಳಿಗೆ ನನ್ನ ಕಳಕಳಿಯ ವಿನಂತಿ: ಅಗಲ ಬಾಯಿಯ ಡಬ್ಬಿ ಕೊಡಿ. ಫಾರ್ಮಲಿನ್ ಅಂಗಾಂಶದ ಹತ್ತು ಪಟ್ಟಾದರೂ ಇರಲಿ. ಆಪರೇಷನ್ ಆದ ಒಂದು ಗಂಟೆಯೊಳಗೆ ಹಾಕಿ. ಸಲೈನ್‌ನಲ್ಲಿ ಹಾಕಿ ಸಂಜೆವರೆಗೆ ಇಡಬೇಡಿ. ಫಾರ್ಮಲಿನ್ ನುಗ್ಗುವುದು ತುಂಬಾ ನಿಧಾನ, ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್, ಒಳಗೆ ಹೋದಂತೆ ಇನ್ನೂ ನಿಧಾನ. ಹಾಗಾಗಿ ದೊಡ್ಡ ಲೋಬ್ ಆದರೆ ಲ್ಯಾಬಿಗೆ ಬಂದ ಕೂಡಲೇ ನಾವು ಅದನ್ನು ಇಂಕ್ ಹಚ್ಚಿ, ಬ್ರೆಡ್ಡಿನ ಹಾಗೆ ಹೋಳು ಮಾಡಿ, ಹೋಳುಗಳ ನಡುವೆ ಟಿಶ್ಯೂ ಪೇಪರ್ ಇಟ್ಟು ರಾತ್ರಿಯಿಡೀ ಬಿಡುತ್ತೇವೆ. ಸರ್ಜನ್ ತಾವೇ ಕೊಯ್ಯುವುದು ಬೇಡ. ಗಂಟಿನ ಸುತ್ತಲಿನ ಕವಚ ಎಲ್ಲಿ ಹರಿಯಿತು ಅನ್ನುವುದು ಆಮೇಲೆ ನಮಗೆ ಗೊತ್ತಾಗುವುದಿಲ್ಲ.

ಫಾರ್ಮಲಿನ್ ಅಂದರೆ ಬಫರ್, ಅಂದರೆ ಹುಳಿಯಾಗದಂತೆ ತಡೆಯುವ ಲವಣ, ಹಾಕಿದ್ದೇ ಆಗಬೇಕು. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ ದ್ರಾವಣ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ. ಆ ನೀರು ಎಷ್ಟು ಗಡಸು ಅಂದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಹೋಳು ಮಾಡಿದ ಅಂಗಾಂಶಕ್ಕೆ 24 ಗಂಟೆ ಸಾಕು. ಮೂರು ದಿನ ದಾಟಿಸುವುದು ಒಳ್ಳೆಯದಲ್ಲ.

ಇನ್ನೊಂದು ವಿಷಯ. ಹಳೆಯ ಗಂಟಿನ ಕವಚ ಕೆಲವೊಮ್ಮೆ ಸುಣ್ಣಗಟ್ಟಿ ಕಲ್ಲಾಗಿರುತ್ತದೆ. ಬೇಗ ಮೆತ್ತಗಾಗಲಿ ಅಂತ ಗಟ್ಟಿ ಆಸಿಡ್‌ನಲ್ಲಿ ಹಾಕಿದರೆ ಪ್ರೋಟೀನ್ ಹಾಳಾಗುತ್ತದೆ, ಮಾರ್ಕರ್ ಬರುವುದಿಲ್ಲ. ಸುಣ್ಣ ತೆಗೆಯುವ ಇಡಿಟಿಎ ನಿಧಾನ, ಆದರೂ ಅದೇ ಇರಲಿ. ಮೆತ್ತಗಿರುವ ಒಂದೆರಡು ಹೋಳನ್ನು ಮೇಣದಲ್ಲಿ ಹುದುಗಿಸಿ ಬೇರೆ ಬ್ಲಾಕ್ ಮಾಡಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ನೀಲಿ-ಗುಲಾಬಿ ಸ್ಲೈಡ್

ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಹಾಕಿದ ಮಾಮೂಲಿ ಸ್ಲೈಡೇ ಬಹುಪಾಲು ಗಂಟುಗಳಿಗೆ ಉತ್ತರ ಹೇಳಿಬಿಡುತ್ತದೆ. ಕೊಲಾಯ್ಡ್ ಅನ್ನುವ ಅಂಟುದ್ರವ ತುಂಬಿದ ದೊಡ್ಡ ಸಣ್ಣ ಫಾಲಿಕಲ್‌ಗಳ, ಅಂದರೆ ಕೋಶಗಳು ಸುತ್ತಿ ಕಟ್ಟಿದ ಚೀಲಗಳ, ಗಳಗಂಡ ಎದುರಿಗೇ ಕಾಣುತ್ತಿದ್ದರೆ ಮಾರ್ಕರ್ ಬೇಡ. ಪ್ಯಾಪಿಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಸ್ಪಷ್ಟವಾಗಿ ಕಂಡರೂ ಬೇಡ. ಬಡವರ ದುಡ್ಡು ಸುಮ್ನೆ ಖರ್ಚಾಗುತ್ತದೆ.

ಪ್ಯಾಪಿಲ್ಲರಿ ಕ್ಯಾನ್ಸರನ್ನು ಗುರುತಿಸುವುದು ನ್ಯೂಕ್ಲಿಯಸ್‌ನಲ್ಲಿ, ಅಂದರೆ ಜೀವಕೋಶದೊಳಗಿನ ಬೀಜದಲ್ಲಿ. ಇದನ್ನು ನಾನು ಮಕ್ಕಳಿಗೆ ಅಡುಗೆಮನೆಯ ಭಾಷೆಯಲ್ಲೇ ಹೇಳಿಕೊಡುತ್ತೇನೆ. ಒಂದು ಗೋಧಿ ಕಾಳು ತಗೊಂಡು ತಿರುಗಿಸಿ ನೋಡಿ. ನಡುವೆ ಉದ್ದಕ್ಕೆ ಒಂದು ಗೀರು ಇದೆ ಅಲ್ವಾ? ನ್ಯೂಕ್ಲಿಯಸ್ ಮೇಲೆ ಅಂಥ ಗೀರು ಇರುತ್ತದೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಂದರ ಮೇಲೆ ಒಂದು ಜಾರಿ ಬಿದ್ದಿರುತ್ತವಲ್ಲ, ಹಾಗೆ ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಏರಿರುತ್ತವೆ. ಒಳಗೆ ತಿಳಿಯಾಗಿ, ಗಾಜಿನ ಹಾಗೆ. ಕೆಲವದರೊಳಗೆ ದುಂಡನೆಯ ಒಂದು ಕಿಂಡಿ ಕಾಣುತ್ತದೆ. ಆ ಕಿಂಡಿಯ ಅಂಚು ಗೆರೆ ಎಳೆದ ಹಾಗಿರಬೇಕು, ಒಳಗಿನ ಬಣ್ಣ ಕೋಶದ ಮೈಬಣ್ಣವೇ ಆಗಿರಬೇಕು. ಬರೀ ಬೆಳ್ಳಗೆ ಖಾಲಿ ಇದ್ದರೆ ಅದು ಫಿಕ್ಸಿಂಗ್ ಸರಿ ಇಲ್ಲದೆ ಬಂದ ಗುಳ್ಳೆ.

ಅಂಕ ಹಾಕುವ ಒಂದು ಪದ್ಧತಿ ಇದೆ, ಅದನ್ನು ಬಿಡಬೇಡಿ. ನ್ಯೂಕ್ಲಿಯಸ್‌ನ ಗಾತ್ರ ಮತ್ತು ಆಕಾರಕ್ಕೆ ಒಂದು, ಅಂಚಿನ ಸೊಟ್ಟತನ ಮತ್ತು ಗೀರಿಗೆ ಒಂದು, ಒಳಗಿನ ತಿಳಿಗೆ ಒಂದು. ಒಟ್ಟು 3. ಎರಡು ಅಥವಾ ಮೂರು ಬಂದರೆ ಪ್ಯಾಪಿಲ್ಲರಿ ತರಹದ ನ್ಯೂಕ್ಲಿಯಸ್ ಅಂತ ಲೆಕ್ಕ. ಕಷ್ಟ ಬರುವುದು ಒಂದು ಮತ್ತು ಎರಡರ ನಡುವೆ ಮನಸ್ಸು ತೂಗುವಾಗ. ಮಾರ್ಕರ್ ಕರೆಯುವ ಹೊತ್ತು ಅದು. ಕರೆಯುವ ಮುಂಚೆ ಅಂಕವನ್ನು ಪೆನ್ನಿನಲ್ಲಿ ಬರೆದಿಡಿ. ಕಂದು ಬಣ್ಣ ನೋಡಿದ ಮೇಲೆ ನ್ಯೂಕ್ಲಿಯಸ್‌ಗೆ ಅಂಕ ಹಾಕಿದರೆ ಕಣ್ಣು ಬಣ್ಣದ ಕಡೆಗೇ ವಾಲುತ್ತದೆ.

ನಾನು ಕರೆಯುವ ನಾಲ್ಕು

ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3, ಸಿಕೆ19, ಸಿಡಿ56. ಮೊದಲ ಮೂರು ಕ್ಯಾನ್ಸರ್‌ನಲ್ಲಿ ಬರುವಂಥವು. ನಾಲ್ಕನೆಯದು ಕ್ಯಾನ್ಸರ್‌ನಲ್ಲಿ ಹೋಗುವಂಥದ್ದು.

ಎಚ್‌ಬಿಎಂಇ-1 ಕೋಶದ ಅಂಚಿನಲ್ಲಿ ಗೆರೆಯಾಗಿ ಬರುತ್ತದೆ, ಫಾಲಿಕಲ್‌ನ ಒಳಬದಿಯಲ್ಲಿ ಜಾಸ್ತಿ. ಒಳಗಿನ ಕೊಲಾಯ್ಡ್ ಕಂದಾಗಿದ್ದರೆ ಅದನ್ನು ಎಣಿಸಬೇಡಿ, ಕೋಶದ ಮೈ ನೋಡಿ. ಮಾಮೂಲಿ ಥೈರಾಯ್ಡ್‌ನಲ್ಲಿ ಇದು ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಗಂಟಿನ ತುಂಬ ಬಂದರೆ ನಾನು ನೆಟ್ಟಗೆ ಕೂತು ನೋಡುತ್ತೇನೆ. ನಾಲ್ಕರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಇದನ್ನೇ.

ಗ್ಯಾಲೆಕ್ಟಿನ್-3 ಕೋಶದ ಮೈಯಲ್ಲಿ ಬರುತ್ತದೆ, ನ್ಯೂಕ್ಲಿಯಸ್‌ನಲ್ಲೂ ಬರಬಹುದು. ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ಕೋಶ, ಮತ್ತು ರಕ್ತನಾಳದ ಒಳಪದರದಲ್ಲೂ ಬರುತ್ತದೆ. ಇದು ಒಂದು ಅನುಕೂಲ. ಸ್ಲೈಡಿನಲ್ಲಿ ಮ್ಯಾಕ್ರೋಫೇಜ್ ಕಂದಾಗಿದ್ದರೆ ಸ್ಟೇನ್ ಕೆಲಸ ಮಾಡಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಮೋಸವೂ ಇದೆ. ಆಂಕೋಸೈಟಿಕ್ ಕೋಶಗಳು, ಅಂದರೆ ಹಿಂದೆ ಹರ್ತ್ಲೆ ಕೋಶ ಅಂತ ಕರೆಯುತ್ತಿದ್ದಂಥವು, ಮೈಟೋಕಾಂಡ್ರಿಯಾ ತುಂಬಿಕೊಂಡಿರುತ್ತವೆ. ಅವುಗಳಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಜಾಸ್ತಿ. ಹಳೆಯ ಅವಿಡಿನ್-ಬಯೋಟಿನ್ ಕಿಟ್ ಬಳಸಿದರೆ ಆ ಬಯೋಟಿನ್ನೇ ಬಣ್ಣ ಹಿಡಿದು ಇಡೀ ಗಂಟು ಕಂದಾಗುತ್ತದೆ. ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ ಬಳಸಿ. ಹಳೆಯ ಕಿಟ್ ಅಗ್ಗಕ್ಕೆ ಸಿಗುತ್ತದೆ ಅಂತ ತಗೋಬೇಡಿ.

ಸಿಕೆ19 ಬಗ್ಗೆ ಕೆಳಗೆ ಒಂದು ಕೇಸನ್ನೇ ಹೇಳುತ್ತೇನೆ.

ಸಿಡಿ56 ನನಗೆ ಪ್ರೀತಿಯ ಮಾರ್ಕರ್. ಮಾಮೂಲಿ ಫಾಲಿಕಲ್ ಕೋಶದ ಸುತ್ತ ಅದು ಬಲೆ ನೇಯ್ದ ಹಾಗೆ ಬರುತ್ತದೆ. ಪ್ಯಾಪಿಲ್ಲರಿ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಆ ಬಲೆ ಹರಿದು ಮಾಯವಾಗುತ್ತದೆ. ಒಳ್ಳೆಯ ಸ್ಲೈಡಿನಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ: ಎಡಗಡೆ ಮಾಮೂಲಿ ಥೈರಾಯ್ಡ್, ಕಂದು ಬಲೆ. ಗೆರೆ ದಾಟಿದ ಕೂಡಲೇ ಬಲಗಡೆ ಬರೀ ನೀಲಿ ನ್ಯೂಕ್ಲಿಯಸ್. ಆದರೆ ಬಣ್ಣ ಇಲ್ಲದಿರುವುದನ್ನು ಓದುವಾಗ ಎಚ್ಚರ ಬೇಕು. ಸ್ಟೇನ್ ಕೆಟ್ಟರೂ ಬಣ್ಣ ಇರುವುದಿಲ್ಲ. ಪಕ್ಕದ ಮಾಮೂಲಿ ಫಾಲಿಕಲ್ ಅಥವಾ ನರದ ತುಂಡು ಅದೇ ಸ್ಲೈಡಿನಲ್ಲಿ ಕಂದಾಗಿದ್ದರೆ ಮಾತ್ರ "ಹೋಗಿದೆ" ಅಂತ ಬರೆಯಿರಿ. ಅದಕ್ಕೇ ಬ್ಲಾಕ್ ಆರಿಸುವಾಗ ಗಂಟು ಮತ್ತು ಪಕ್ಕದ ಮಾಮೂಲಿ ಥೈರಾಯ್ಡ್ ಎರಡೂ ಇರುವ ಬ್ಲಾಕನ್ನೇ ಆರಿಸಿ.

ನಾಲ್ಕನ್ನೂ ಒಟ್ಟಿಗೆ ಓದಬೇಕು. ನ್ಯೂಕ್ಲಿಯಸ್ ಅಂಕ ಎರಡಿದ್ದು, ಮೂರೂ ಗಂಟಿನ ತುಂಬ ಬಂದು, ಸಿಡಿ56 ಹೋಗಿದ್ದರೆ ನಾನು ಧೈರ್ಯವಾಗಿ ಪ್ಯಾಪಿಲ್ಲರಿ ಕಡೆ ಹೋಗುತ್ತೇನೆ. ಒಂದೇ ಒಂದು ಬಂದು, ಅದೂ ಅಲ್ಲಲ್ಲಿ ಬಂದರೆ ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಫಾಲಿಕ್ಯುಲರ್ ಅಡಿನೋಮಾ ಅನ್ನುವ ಸಾದಾ ಗಂಟುಗಳಲ್ಲೂ ಕೆಲವಕ್ಕೆ ಈ ಮಾರ್ಕರ್‌ಗಳು ಬರುತ್ತವೆ.

ಐದನೆಯದಾಗಿ ಬ್ರಾಫ್ ವಿ600ಇ, ಅಂದರೆ ಬ್ರಾಫ್ ಜೀನಿನ ಒಂದು ಬದಲಾವಣೆಯಿಂದ ಬರುವ ಪ್ರೋಟೀನ್. ಅದನ್ನು ಹಿಡಿಯುವ ಆಂಟಿಬಾಡಿಯ ಹೆಸರು ವಿಇ1. ಇದು ಬಂದರೆ, ಅಂದರೆ ಕೋಶದ ಮೈಯೆಲ್ಲ ಸಣ್ಣ ಹರಳಿನ ಹಾಗೆ ಒಂದೇ ಸಮ ಕಂದಾದರೆ, ಅದು ಬಹಳ ಗಟ್ಟಿ ಸಾಕ್ಷಿ. ಬರದಿದ್ದರೆ ಏನೂ ಹೇಳಿದಂತಾಗಲಿಲ್ಲ. ಪ್ಯಾಪಿಲ್ಲರಿ ಕ್ಯಾನ್ಸರ್‌ಗಳಲ್ಲಿ ಈ ಬದಲಾವಣೆ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಇರುತ್ತದೆ, ಫಾಲಿಕಲ್ ರೂಪದವುಗಳಲ್ಲಿ ಅಪರೂಪ. ನಮಗೆ ಅನುಮಾನ ಬರುವುದು ಆ ಫಾಲಿಕಲ್ ರೂಪದವುಗಳಲ್ಲೇ. ಇನ್ನು ರಾಸ್ ಜೀನಿನ ಬದಲಾವಣೆ ಸಾದಾ ಅಡಿನೋಮಾದಲ್ಲೂ ಇರುತ್ತದೆ, ಕ್ಯಾನ್ಸರ್‌ನಲ್ಲೂ ಇರುತ್ತದೆ. ಅದನ್ನು ನೋಡಿ ಕೆಟ್ಟ ಗಂಟು ಅನ್ನಬೇಡಿ.

ಬೆಂಚಿನ ಮೇಲೆ

ಬ್ಲಾಕಿನಿಂದ ಕೊಯ್ದ ತೆಳು ಪದರ, ಅಂದರೆ ಸೆಕ್ಷನ್, 3ರಿಂದ 4 ಮೈಕ್ರಾನ್. ಸ್ಲೈಡ್ ಅಂಗಾಂಶ ಅಂಟಿಕೊಳ್ಳುವಂಥ ಚಾರ್ಜ್ಡ್ ಸ್ಲೈಡ್ ಆಗಿರಬೇಕು, ಇಲ್ಲದಿದ್ದರೆ ಬಿಸಿ ದ್ರಾವಣದಲ್ಲಿ ಸೆಕ್ಷನ್ ಎದ್ದು ತೇಲುತ್ತದೆ. 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಮೇಣ ಕರಗಿಸಲು ಝೈಲೀನ್, ಆಮೇಲೆ ಆಲ್ಕೋಹಾಲ್, ಆಮೇಲೆ ನೀರು, ಇದು ಎಲ್ಲರಿಗೂ ಗೊತ್ತು. 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಇದನ್ನು ಬಿಟ್ಟರೆ ಕೆಂಪು ರಕ್ತಕಣಗಳೆಲ್ಲ ಕಂದಾಗುತ್ತವೆ. ಥೈರಾಯ್ಡ್‌ನಲ್ಲಿ ರಕ್ತ ಜಾಸ್ತಿ.

ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಬಿಸಿ ಮಾಡಿ ಬಿಚ್ಚಬೇಕು. ಟ್ರಿಸ್ 1.21 ಗ್ರಾಂ, ಇಡಿಟಿಎ 0.37 ಗ್ರಾಂ, ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ, ಪಿಎಚ್ 9. ಮೀಟರಿನಲ್ಲಿ ಅಳೆದೇ ಹಾಕಿ, ಅಂದಾಜು ಬೇಡ. 95ರಿಂದ 98 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ ಬೆಂಚಿನ ಮೇಲೆ ತಾನಾಗಿ ಆರಲು 20 ನಿಮಿಷ. ಬೇಗ ಆಗಲಿ ಅಂತ ತಣ್ಣೀರು ಸುರಿಯಬೇಡಿ. ಕೆಲವು ಆಂಟಿಬಾಡಿಗೆ ಪಿಎಚ್ 6ರ ಸಿಟ್ರೇಟ್ ಬೇಕು. ಬಾಟಲಿಯ ಜೊತೆ ಬಂದ ಕಾಗದ ಓದಿ, ನಿಮ್ಮ ಲ್ಯಾಬಿನಲ್ಲಿ ಎರಡನ್ನೂ ಮಾಡಿ ನೋಡಿ, ಯಾವುದು ಚೆನ್ನಾಗಿ ಬಂತೋ ಅದನ್ನು ಗೋಡೆಗೆ ಬರೆದು ಅಂಟಿಸಿ.

ಆಂಟಿಬಾಡಿ ಹಾಕಿದ ಮೇಲೆ ಮುಕ್ಕಾಲು ಗಂಟೆ ಬಿಡಬೇಕು. ಆ ಮುಕ್ಕಾಲು ಗಂಟೆ ನಮ್ಮ ಊರಿನ ಬೇಸಿಗೆಯಲ್ಲಿ ದೊಡ್ಡ ಪರೀಕ್ಷೆ. ಒಂದು ಏಪ್ರಿಲ್‌ನಲ್ಲಿ ನಮ್ಮ ಟೆಕ್ನಿಷಿಯನ್ ಸ್ಲೈಡ್ ತಂದು, "ಮೇಡಂ, ಛಲೋ ಕಲರ್ ಬಂದೈತ್ರಿ" ಅಂದ. ನೋಡಿದೆ. ಸೆಕ್ಷನ್ನಿನ ಸುತ್ತ ಅಂಚಿಗೆ ಗಾಢ ಕಂದು, ಒಳಗೆ ಹೋದ ಹಾಗೆ ತೆಳು. ನಾರು, ಕೊಬ್ಬು, ಫಾಲಿಕಲ್ ಎಲ್ಲದಕ್ಕೂ ಒಂದೇ ಬಣ್ಣ. ಹೊರಗೆ 41 ಡಿಗ್ರಿ, ಕರೆಂಟ್ ಹೋಗಿತ್ತು, ಫ್ಯಾನ್ ಕೂಡ ಇಲ್ಲ. ಆಂಟಿಬಾಡಿಯ ಹನಿ ಅಂಚಿನಿಂದ ಒಣಗುತ್ತಾ ಬಂದಿತ್ತು. ಒಣಗಿದ ಕಡೆಯೆಲ್ಲ ಸುಳ್ಳು ಬಣ್ಣ. ಅವತ್ತಿನಿಂದ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಹತ್ತಿ ಹಾಸಿ, ಅದರ ಮೇಲೆ ಕಡ್ಡಿ ಇಟ್ಟು, ಕಡ್ಡಿಯ ಮೇಲೆ ಸ್ಲೈಡ್ ಇಡುತ್ತೇವೆ. ಬೇಸಿಗೆಯಲ್ಲಿ ಬೆಳಗ್ಗೆ 7ಕ್ಕೇ ಸ್ಟೇನ್ ಶುರು. ಆಂಟಿಬಾಡಿ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು, ಅದಕ್ಕೆ ಬೇರೆಯೇ ಇನ್ವರ್ಟರ್ ಇದೆ. ಆ ಹುಡುಗ ಈಗ ಸ್ಲೈಡ್ ತಂದಾಗ ಮೊದಲು ಅಂಚನ್ನು ತಾನೇ ನೋಡಿಕೊಂಡು ಬರುತ್ತಾನೆ.

ಕೊನೆಗೆ ಕಂದು ಬಣ್ಣ ಕೊಡುವ ಡ್ಯಾಬ್, ಸುಮಾರು 5 ನಿಮಿಷ. ಕೈಗವಸು ಹಾಕದೆ ಮುಟ್ಟಬೇಡಿ, ಅದು ಒಳ್ಳೆಯ ಪದಾರ್ಥವಲ್ಲ. ಮಹಾಲಿಂಗಪುರದ ಬೆಲ್ಲದ ಬಣ್ಣ ಬಂದರೆ ಸರಿ, ಕಪ್ಪಾದರೆ ಜಾಸ್ತಿಯಾಯಿತು ಅಂತ ನಾನು ಹೇಳುತ್ತೇನೆ. ಹೆಮಟಾಕ್ಸಿಲಿನ್ ಸ್ವಲ್ಪವೇ ಹಾಕಿ. ನೀಲಿ ಗಾಢವಾದರೆ ಗೋಧಿ ಗೀರು ಮುಚ್ಚಿಹೋಗುತ್ತದೆ.

ಪ್ರತಿ ಸಲವೂ ಎರಡು ಕಂಟ್ರೋಲ್ ಸ್ಲೈಡ್ ಇರಲೇಬೇಕು. ಹಿಂದೆ ಖಚಿತವಾದ ಪ್ಯಾಪಿಲ್ಲರಿ ಕ್ಯಾನ್ಸರಿನ ತುಂಡು ಒಂದು. ಆಂಟಿಬಾಡಿಯನ್ನೇ ಹಾಕದೆ ಉಳಿದದ್ದನ್ನೆಲ್ಲ ಮಾಡಿದ ಸ್ಲೈಡ್ ಇನ್ನೊಂದು. ಎಲ್ಲ ಆಂಟಿಬಾಡಿ ಇಟ್ಟುಕೊಳ್ಳುವುದು ಸಣ್ಣ ಲ್ಯಾಬಿಗೆ ಆಗುವುದಿಲ್ಲ, ನಾವೂ ಕೆಲವಕ್ಕೆ ಬ್ಲಾಕ್ ಹೊರಗೆ ಕಳಿಸುತ್ತೇವೆ. ಆಗ ಬರೀ ರಿಪೋರ್ಟಿನ ಕಾಗದ ತರಿಸಿಕೊಳ್ಳಬೇಡಿ. ಸ್ಲೈಡ್ ಮತ್ತು ಅವರ ಕಂಟ್ರೋಲ್ ಸ್ಲೈಡ್ ಎರಡನ್ನೂ ಕೇಳಿ ತರಿಸಿ, ನಿಮ್ಮ ಕಣ್ಣಲ್ಲೇ ನೋಡಿ.

ಸಿಕೆ19 ಮತ್ತು ಹಾಶಿಮೋಟೋ

ನಾನು ಕೆಲಸ ಶುರು ಮಾಡಿದ ಮೊದಲ ವರ್ಷಗಳ ಮಾತು. ನಲವತ್ತರ ಆಸುಪಾಸಿನ ಒಬ್ಬ ತಾಯಿ. ಥೈರಾಯ್ಡ್ ತುಂಬ ಹಾಶಿಮೋಟೋ, ಅಂದರೆ ಉರಿಯೂತ ಆಗಿ ರಕ್ಷಣಾ ಕೋಶಗಳಾದ ಲಿಂಫೋಸೈಟ್‌ಗಳು ಗುಂಪು ಗುಂಪಾಗಿ ಕೂತಿದ್ದವು. ಅದರ ನಡುವೆ ಕಡಲೆಕಾಳಿನಷ್ಟು ಒಂದು ಗಂಟು. ನ್ಯೂಕ್ಲಿಯಸ್‌ಗಳು ಸ್ವಲ್ಪ ದೊಡ್ಡವು, ಸ್ವಲ್ಪ ತಿಳಿ. ಅನುಮಾನ ಬಂದು ಸಿಕೆ19 ಒಂದನ್ನೇ ಹಾಕಿಸಿದೆ. ಗಾಢ ಕಂದು ಬಂತು. ಪ್ಯಾಪಿಲ್ಲರಿ ಕಾರ್ಸಿನೋಮಾ, ಅಂದರೆ ಕ್ಯಾನ್ಸರ್, ಅಂತ ರಿಪೋರ್ಟ್ ಟೈಪ್ ಮಾಡಿಸಿಟ್ಟೆ.

ಸಹಿ ಹಾಕುವ ಮುಂಚೆ ನನಗೆ ಪಾಠ ಹೇಳಿದ ಮೇಡಂಗೆ ಸ್ಲೈಡ್ ತೋರಿಸಿದೆ. ಅವರು ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಸ್ಲೈಡನ್ನು ಗಂಟಿನಿಂದ ದೂರಕ್ಕೆ ಸರಿಸಿ ನನ್ನನ್ನು ಕರೆದು, "ಇಲ್ಲಿ ನೋಡವಾ" ಅಂದರು. ಗಂಟಿಗೆ ಸಂಬಂಧವೇ ಇಲ್ಲದ, ಲಿಂಫೋಸೈಟ್‌ಗಳ ನಡುವೆ ಸಿಕ್ಕಿಕೊಂಡ ಮಾಮೂಲಿ ಫಾಲಿಕಲ್‌ಗಳೂ ಅಷ್ಟೇ ಗಾಢ ಕಂದಾಗಿದ್ದವು. ನಾನು ಗಂಟನ್ನು ಬಿಟ್ಟು ಬೇರೆ ಕಡೆ ನೋಡಿಯೇ ಇರಲಿಲ್ಲ. ಉರಿಯೂತ ಇರುವ ಕಡೆ, ಹಿಂದೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ದಾರಿಯಲ್ಲಿ, ಸಿಕೆ19 ಹೀಗೆ ಬರುತ್ತದೆ. ಎಚ್‌ಬಿಎಂಇ-1 ಹಾಕಿಸಿದೆವು, ಬರಲಿಲ್ಲ. ಸಿಡಿ56 ಬಲೆ ಹಾಗೇ ಇತ್ತು. ನ್ಯೂಕ್ಲಿಯಸ್‌ಗಳನ್ನು ಮತ್ತೆ ನೋಡಿದರೆ ಪ್ಯಾಪಿಲ್ಲರಿ ಅನ್ನುವಷ್ಟು ಇರಲಿಲ್ಲ. ಹಾಶಿಮೋಟೋದಲ್ಲಿ ಬೆಳೆದ ಸಾದಾ ಗಂಟು ಅಂತ ರಿಪೋರ್ಟ್ ಹೋಯಿತು. ಟೈಪ್ ಮಾಡಿಸಿದ್ದ ಆ ಮೊದಲ ಕಾಗದವನ್ನು ನಾನು ಹರಿಯಲಿಲ್ಲ, ಡ್ರಾಯರ್‌ನಲ್ಲಿ ಇದೆ. ಸಿಕೆ19 ಓದುವಾಗ ಮೊದಲು ಪಕ್ಕದ ಮಾಮೂಲಿ ಫಾಲಿಕಲ್ ನೋಡಿ, ಆಮೇಲೆ ಗಂಟು ನೋಡಿ. ಈ ಕ್ರಮ ತಪ್ಪಿಸಬೇಡಿ.

ಹೂರಣ ಹೊರಗೆ ಬಂದಿದೆಯಾ

ಈಗ ಮುಖ್ಯ ವಿಷಯ. ಫಾಲಿಕ್ಯುಲರ್ ಅಡಿನೋಮಾ ಸಾದಾ ಗಂಟು. ಫಾಲಿಕ್ಯುಲರ್ ಕಾರ್ಸಿನೋಮಾ ಕೆಟ್ಟ ಗಂಟು. ಎರಡರ ಕೋಶಗಳೂ ನೋಡಲು ಒಂದೇ. ಸೂಜಿ ಪರೀಕ್ಷೆಯಲ್ಲಿ ಬೇರೆ ಮಾಡಲು ಆಗುವುದಿಲ್ಲ. ಮೇಲಿನ ನಾಲ್ಕು ಮಾರ್ಕರ್‌ನಿಂದಲೂ ಆಗುವುದಿಲ್ಲ. ಇದನ್ನು ಒಪ್ಪಿಕೊಂಡರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಇಲ್ಲಿ ನೋಡಬೇಕಾದದ್ದು ಕವಚ. ಹೋಳಿಗೆ ನೆನಪು ಮಾಡಿಕೊಳ್ಳಿ. ಸುತ್ತ ಕಣಕ, ಒಳಗೆ ಹೂರಣ. ಲಟ್ಟಿಸುವಾಗ ಕೆಲವು ಕಡೆ ಕಣಕ ತೆಳುವಾಗುತ್ತದೆ, ಹೂರಣ ಉಬ್ಬಿ ಕಾಣುತ್ತದೆ. ಅದು ಒಡೆದಂತಲ್ಲ. ಕಣಕದ ಪೂರ್ತಿ ದಪ್ಪ ಹರಿದು ಹೂರಣ ಆಚೆ ಬಂದರೆ ಒಡೆಯಿತು ಅಂತ. ಕವಚಕ್ಕೂ ಇದೇ ಲೆಕ್ಕ. ಗಂಟಿನ ಕೋಶಗಳು ಕವಚದ ಪೂರ್ತಿ ದಪ್ಪ ದಾಟಿರಬೇಕು. ಅರ್ಧಕ್ಕೆ ನಿಂತಿದ್ದರೆ ಅದೇ ಜಾಗದಲ್ಲಿ ಬ್ಲಾಕನ್ನು ಇನ್ನೂ ಆಳಕ್ಕೆ ಕೊಯ್ದು ಎರಡು ಮೂರು ಸ್ಲೈಡ್ ನೋಡಿ. ಮುಂದಿನ ಸ್ಲೈಡಿನಲ್ಲಿ ದಾಟಿರಬಹುದು.

ಒಂದೆರಡು ಬ್ಲಾಕ್ ಹಾಕಿ ಅಡಿನೋಮಾ ಅಂತ ಬರೆಯಬೇಡಿ. ನಾನು ಗಂಟಿನ ಕವಚವನ್ನು ಪೂರ್ತಿ ಹಾಕಿಸುತ್ತೇನೆ. ಕವಚಕ್ಕೆ ನೇರ ಅಡ್ಡಲಾಗಿ, ಹೊರಗಿನ ಸ್ವಲ್ಪ ಮಾಮೂಲಿ ಥೈರಾಯ್ಡ್ ಸೇರಿಸಿ ಕೊಯ್ಯುತ್ತೇನೆ. ಒಂದು ದೊಡ್ಡ ಗಂಟಿಗೆ 20 ಬ್ಲಾಕ್ ಆದದ್ದೂ ಇದೆ. "ಇಷ್ಟ್ಯಾಕ್ರಿ ಮೇಡಂ?" ಅಂತ ಟೆಕ್ನಿಷಿಯನ್ ಕೇಳುತ್ತಿದ್ದ. ಆ 20ರಲ್ಲಿ 17ನೆಯದರಲ್ಲಿ ಕವಚದೊಳಗಿನ ಒಂದು ರಕ್ತನಾಳದಲ್ಲಿ ಗಂಟಿನ ಕೋಶಗಳ ಉಂಡೆ ಕೂತಿತ್ತು. ಅವನನ್ನೇ ಕರೆದು ತೋರಿಸಿದೆ. ಆಮೇಲೆ ಅವನು ಆ ಪ್ರಶ್ನೆ ಕೇಳಿಲ್ಲ.

ಈ ಕೆಲಸದಲ್ಲಿ ಮಾರ್ಕರ್‌ಗೆ ಒಂದು ಒಳ್ಳೆಯ ಪಾತ್ರ ಇದೆ, ಅದು ರಕ್ತನಾಳ ಗುರುತಿಸುವುದು. ಸಿಡಿ31 ಅಥವಾ ಇಆರ್‌ಜಿ ಹಾಕಿ. ಸಿಡಿ31 ನಾಳದ ಒಳಪದರವನ್ನು ಗೆರೆಯಾಗಿ ತೋರಿಸುತ್ತದೆ. ಇಆರ್‌ಜಿ ಅದರ ನ್ಯೂಕ್ಲಿಯಸ್‌ಗಳನ್ನು ಚುಕ್ಕೆಯಾಗಿ ತೋರಿಸುತ್ತದೆ. ಸಂದುಗೊಂದಿನಲ್ಲಿ ಕೋಶಗಳು ಕುಗ್ಗಿ ಉಂಟಾದ ಖಾಲಿ ಜಾಗ ನಾಳದ ಹಾಗೆ ಕಾಣುತ್ತದೆ, ಅದರ ಸುತ್ತ ಈ ಗೆರೆ ಇರುವುದಿಲ್ಲ. ನಾಳ ಕವಚದಲ್ಲೋ ಅದರ ಆಚೆಗೋ ಇರಬೇಕು. ಗಂಟಿನೊಳಗಿನ ನಾಳ ಲೆಕ್ಕಕ್ಕಿಲ್ಲ. ನಾಳದೊಳಗಿನ ಉಂಡೆಯ ಮೇಲೆ ಒಳಪದರ ಹೊದ್ದಿರಬೇಕು, ಇಲ್ಲವೇ ರಕ್ತದ ಹೆಪ್ಪಿನ ಜೊತೆ ಅಂಟಿಕೊಂಡಿರಬೇಕು. ಸುಮ್ಮನೆ ಬಿಡಿಯಾಗಿ ತೇಲುತ್ತಿದ್ದರೆ ಕೊಯ್ಯುವಾಗ ಜಾರಿ ಬಿದ್ದದ್ದೂ ಆಗಿರಬಹುದು. ನಾಲ್ಕು ಅಥವಾ ಹೆಚ್ಚು ನಾಳಗಳಲ್ಲಿ ಕಂಡರೆ ರೋಗಿಯ ಮುಂದಿನ ದಾರಿಯೇ ಬದಲಾಗುತ್ತದೆ. ಆದ್ದರಿಂದ ಎಣಿಸಿ, ಸಂಖ್ಯೆಯನ್ನು ರಿಪೋರ್ಟಿನಲ್ಲಿ ಬರೆಯಿರಿ.

ಬೇರೆ ಕೆಲವು

ಕೋಶಗಳು ವಿಚಿತ್ರವಾಗಿ ಕಂಡರೆ, ಕೊಲಾಯ್ಡ್ ಎಲ್ಲೂ ಕಾಣದಿದ್ದರೆ, ಕ್ಯಾಲ್ಸಿಟೋನಿನ್ ಹಾಕುವುದನ್ನು ಮರೆಯಬೇಡಿ. ಅದು ಮೆಡುಲ್ಲರಿ ಕ್ಯಾನ್ಸರನ್ನು ಹಿಡಿಯುವ ಮಾರ್ಕರ್. ಆ ಕ್ಯಾನ್ಸರ್ ಬೇರೆಯೇ ಕೋಶದಿಂದ ಬರುತ್ತದೆ. ಕೆಲವು ಮನೆತನಗಳಲ್ಲಿ ಮಕ್ಕಳಿಗೂ ಬರುತ್ತದೆ, ತಪ್ಪಿಸಿಕೊಂಡರೆ ಒಂದು ಕುಟುಂಬವೇ ತಪ್ಪಿಹೋಗುತ್ತದೆ. ಪಕ್ಕದ ಸಣ್ಣ ಗ್ರಂಥಿಯಾದ ಪ್ಯಾರಾಥೈರಾಯ್ಡ್‌ನ ಗಂಟು ಥೈರಾಯ್ಡ್ ವೇಷ ಹಾಕಿಕೊಂಡು ಬರುವುದುಂಟು. ಅದರಲ್ಲಿ ಥೈರಾಯ್ಡ್ ಕೋಶದ ಮಾರ್ಕರ್ ಟಿಟಿಎಫ್-1 ಬರುವುದಿಲ್ಲ, ಗಾಟಾ3 ಅನ್ನುವ ಮಾರ್ಕರ್ ಬರುತ್ತದೆ. ಹಯಲಿನೈಸಿಂಗ್ ಟ್ರಾಬೆಕ್ಯುಲರ್ ಅನ್ನುವ ಇನ್ನೊಂದು ಬಗೆಯ ಗಂಟಿನಲ್ಲಿ ಗೀರು, ಕಿಂಡಿ ಎರಡೂ ಇದ್ದು ಪ್ಯಾಪಿಲ್ಲರಿ ಅಂತ ಮೋಸ ಹೋಗುತ್ತೇವೆ. ಅದಕ್ಕೆ ಕೋಶ ಬೆಳೆಯುವ ವೇಗ ತೋರಿಸುವ ಕೆಐ-67 ಮಾರ್ಕರ್ ಹಾಕಿದರೆ ನ್ಯೂಕ್ಲಿಯಸ್ ಬಿಟ್ಟು ಕೋಶದ ಅಂಚಿಗೆ ಬಣ್ಣ ಬರುತ್ತದೆ. ಇದು ಎಂಐಬಿ-1 ಅನ್ನುವ ಆಂಟಿಬಾಡಿಯಲ್ಲಿ, ಕೋಣೆಯ ಉಷ್ಣತೆಯಲ್ಲಿ ಕೈಯಿಂದ ಮಾಡಿದಾಗ ಸಿಗುತ್ತದೆ. ಬಿಸಿಯಲ್ಲಿ ನಡೆಯುವ ಮಷೀನಿನಲ್ಲಿ ತಪ್ಪಿಹೋಗಬಹುದು.

ರಿಪೋರ್ಟ್ ಬರೆಯುವಾಗ

ಯಾವ ಬ್ಲಾಕ್, ಯಾವ ಮಾರ್ಕರ್, ಕೋಶದ ಯಾವ ಭಾಗದಲ್ಲಿ ಬಂತು, ಗಂಟಿನ ಎಷ್ಟು ಭಾಗದಲ್ಲಿ ಬಂತು, ಕಂಟ್ರೋಲ್ ಸರಿ ಇತ್ತೇ. ಇಷ್ಟನ್ನೂ ಬರೆಯಿರಿ. ಬರೀ "ಪಾಸಿಟಿವ್" ಅಂತ ಬರೆದರೆ ಅದನ್ನು ಓದಿದ ಮನೆಯವರು ಕ್ಯಾನ್ಸರ್ ಅಂತಲೇ ತಿಳಿಯುತ್ತಾರೆ. ಬ್ಲಾಕ್‌ಗಳನ್ನು ತಗಡಿನ ಶೆಡ್ಡಿನಲ್ಲಿ ಇಡಬೇಡಿ. ನಮ್ಮ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ. ಯಾರಾದರೂ ಎರಡನೇ ಅಭಿಪ್ರಾಯಕ್ಕೆ ಕೇಳಿದರೆ ಸಂತೋಷದಿಂದ ಕೊಡಿ.

ಒಂದು ಗುಂಪಿನ ಗಂಟುಗಳಿಗೆ 2016ರಲ್ಲಿ ಹೆಸರೇ ಬದಲಾಯಿತು. ನ್ಯೂಕ್ಲಿಯಸ್ ಪ್ಯಾಪಿಲ್ಲರಿ ತರಹ, ರೂಪ ಫಾಲಿಕಲ್, ಆದರೆ ಎಲ್ಲೂ ಹೊರಗೆ ದಾಟಿಲ್ಲ. ಮೊದಲು ಇವನ್ನು ಕ್ಯಾನ್ಸರ್ ಅನ್ನುತ್ತಿದ್ದೆವು. ಪೂರ್ತಿ ತೆಗೆದರೆ ಬಹುತೇಕ ಮತ್ತೆ ತೊಂದರೆ ಕೊಡುವುದಿಲ್ಲ ಅಂತ ಕಂಡುಬಂದ ಮೇಲೆ ಕಾರ್ಸಿನೋಮಾ ಅನ್ನುವ ಪದ ತೆಗೆದು ನಿಫ್ಟ್‌ಪಿ ಅಂತ ಕರೆಯುತ್ತೇವೆ. ಈ ಹೆಸರು ಕೊಡಬೇಕಾದರೆ ಕವಚ ಪೂರ್ತಿ ನೋಡಿರಲೇಬೇಕು, ಬ್ರಾಫ್ ವಿ600ಇ ಇರಬಾರದು. ಅಂಥ ಗಂಟಿನಲ್ಲಿ ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3 ಬರಬಹುದು. ಹಾಗಾಗಿ ಬಣ್ಣ ನೋಡಿ ಕ್ಯಾನ್ಸರ್ ಅಂತ ಬರೆದುಬಿಟ್ಟರೆ, ಅರ್ಧ ಥೈರಾಯ್ಡ್ ತೆಗೆದರೆ ಸಾಕಾಗಿದ್ದವರಿಗೆ ಉಳಿದದ್ದನ್ನೂ ತೆಗೆದು, ರೇಡಿಯೋ ಅಯೋಡಿನ್ ಕೊಟ್ಟು, ಜೀವನಪೂರ್ತಿ ಮಾತ್ರೆ ಹಚ್ಚಿದಂತಾಗುತ್ತದೆ.

ಕಳೆದ ಮಳೆಗಾಲದಲ್ಲಿ ಸಿಂದಗಿ ಕಡೆಯ ಒಬ್ಬರು ಹೆಂಡತಿಯ ರಿಪೋರ್ಟ್ ತಗೊಳ್ಳಲು ಬಂದಿದ್ದರು. ನಿಫ್ಟ್‌ಪಿ. ಕಿಟಕಿಯಲ್ಲಿ ಅದೇ ಪ್ರಶ್ನೆ: ಸಾದಾನೋ, ಕೆಟ್ಟದ್ದೋ? ಒಳಗೆ ಕೂರಿಸಿ, ಕವಚ ಎಲ್ಲ ನೋಡಿದ್ದೇನೆ, ಹೊರಗೆ ಎಲ್ಲೂ ಹೋಗಿಲ್ಲ ಅಂತ ಹೇಳಿದೆ. ಅವರು ಕಾಗದವನ್ನು ತಿರುಗಿಸಿ ಖಾಲಿ ಬದಿ ನನ್ನ ಮುಂದಿಟ್ಟು, "ಇದನ್ನ ಕನ್ನಡದಾಗ ಒಂದ್ ಸಾಲು ಬರದು ಕೊಡ್ರಿ, ಆಕಿಗೆ ಓದಿ ಹೇಳ್ತೀನಿ" ಅಂದರು. ನಾನು ಬರೆದುಕೊಟ್ಟೆ: "ಗಂಟು ಪೂರ್ತಿ ತೆಗೆಯಲಾಗಿದೆ. ಇದು ಕ್ಯಾನ್ಸರ್ ಅಲ್ಲ. ಸರ್ಜನ್ ಹೇಳಿದ ದಿನಕ್ಕೆ ಬಂದು ತೋರಿಸಿಕೊಳ್ಳಬೇಕು."